ಈಕೋ ವ್ಯಾನಿನ ರೇಡಿಯೇಟರ್ ಫ್ಯಾನ್ ಗರಗರ ಅನ್ನುತ್ತಿದೆ, ರಿಪೇರಿ ಮಾಡಿಸುವುದಾ, ಹೊಸತು ಹಾಕುವುದಾ?

ಬದಿಯಡ್ಕ ಈಕೋ

ನಮ್ಮ ಮನೆಯಲ್ಲಿ 2011ರ ಈಕೋ ಉಂಟು. ಐದು ಸೀಟಿನದ್ದು, ಪೆಟ್ರೋಲ್, ಎಸಿ ಇಲ್ಲ. ಮೀಟರ್ 1,82,000 ಕಿಲೋಮೀಟರ್ ದಾಟಿದೆ. ಇಷ್ಟು ವರ್ಷ ದೊಡ್ಡ ತೊಂದರೆ ಕೊಟ್ಟದ್ದೇ ಇಲ್ಲ. ಅಡಿಕೆ ಗೋಣಿಗೂ ಅದೇ, ಮದುವೆ ಮುಂಜಿಗೂ ಅದೇ. ಈಗ ಎರಡು ತಿಂಗಳಿನಿಂದ ಮುಂದೆ ರೇಡಿಯೇಟರ್ ಫ್ಯಾನಿನ ಹತ್ತಿರ ಒಂದು ಸದ್ದು ಶುರುವಾಗಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಏಳೆಂಟು ಕಿಲೋಮೀಟರ್ ಹೋಗಿ ಪೇಟೆಯಲ್ಲಿ ನಿಲ್ಲಿಸಿದರೆ ಶುರು. ಮೊದಲು ಟಕ್ ಅಂತ ಸಣ್ಣ ಸದ್ದು, ಹಿಂದೆಯೇ ಗರಗರ ಗರಗರ, ಗ್ರೈಂಡರಿಗೆ ನೀರು ಹಾಕದೆ ಅಕ್ಕಿ ಸುರಿದ ಹಾಗೆ. ಒಂದೆರಡು ನಿಮಿಷ ಕಳೆದು ತನ್ನಷ್ಟಕ್ಕೆ ನಿಲ್ಲುತ್ತದೆ. ಕಳೆದ ವಾರದಿಂದ ನಿಲ್ಲುವಾಗ ಕೀಂಯ್ ಅಂತ ಒಂದು ಎಳೆತವೂ ಕೇಳುತ್ತಿದೆ. ಟೆಂಪರೇಚರ್ ಮಾತ್ರ ಇಲ್ಲಿಯವರೆಗೆ ಏರಿಲ್ಲ.

ಎರಡು ಕಡೆ ತೋರಿಸಿದೆ. ಒಬ್ಬರು ಏನೂ ಬಿಚ್ಚದೆ, ನಿಂತಲ್ಲಿಂದಲೇ ಕೇಳಿ, ಫ್ಯಾನ್ ಸೆಟ್ ಪೂರ್ತಿ ಹೋಗಿದೆ, ಹೇಗೂ ಬಿಚ್ಚುವಾಗ ರೇಡಿಯೇಟರ್ ಕೂಡ ಬದಲಿಸಿಬಿಡಿ ಅಂದರು. ಎಲ್ಲ ಸೇರಿ 9,000 ರೂಪಾಯಿ. ಇನ್ನೊಂದು ಕಡೆ ಇದು ಫ್ಯಾನೇ ಅಲ್ಲ, ವಾಟರ್ ಪಂಪ್ ಅಂದರು. ನಮ್ಮದು ಕಾಸರಗೋಡು ಕಡೆ, ಈ ಸದ್ದನ್ನು ಅವರಿಗೆ ಮಲಯಾಳದಲ್ಲಿ ಹೇಗೆ ಹೇಳುವುದು ಅಂತ ಗೊತ್ತಾಗದೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ್ದೆ. ಅದರಲ್ಲೂ ಇಬ್ಬರಿಗೆ ಎರಡು ಥರ ಕೇಳಿತು.

ದುಡ್ಡಿನ ವಿಷಯ ಒಂದು ಕಡೆ ಇರಲಿ. ತಂದೆಯವರನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಹಾರ್ಟಿನದ್ದು. ಹೈವೇಯಲ್ಲಿ ಬಿಸಿಲಿಗೆ ಗಾಡಿ ಕೈಕೊಟ್ಟರೆ ಅವರನ್ನು ಕೂರಿಸಿಕೊಂಡು ನಾನು ಎಲ್ಲಿ ನಿಲ್ಲುವುದು? ಅದೇ ಹೆದರಿಕೆ. ಇನ್ನು ಸ್ವಲ್ಪ ಸಮಯದಲ್ಲಿ 15 ವರ್ಷ ಆಗಿ ಆರ್‌ಸಿ ರಿನೀವಲ್ ಕೂಡ ಬರುತ್ತದೆ. ಗಾಡಿಯನ್ನು ಇಟ್ಟುಕೊಳ್ಳುವುದು ಅಂತಲೇ ಮನೆಯಲ್ಲಿ ತೀರ್ಮಾನ. ಗೊತ್ತಿರುವವರು ದಯವಿಟ್ಟು ಹೇಳಿ: ಫ್ಯಾನಾ, ಪಂಪಾ ಅಂತ ಮನೆಯಲ್ಲೇ ಗೊತ್ತುಮಾಡಿಕೊಳ್ಳಲು ಆಗುತ್ತದಾ? ಫ್ಯಾನೇ ಆದರೆ ಬರೀ ಮೋಟಾರ್ ಸಾಕಾ?

ಮುಳ್ಳೇರಿಯ ಜೀಪು

ಯೋಚನೆ ಮಾಡಬೇಡಿ, ಫ್ಯಾನ್ ಬದಲಿಸಿ. 14 ವರ್ಷ ತಿರುಗಿದ ಮೋಟಾರ್ ಅದು, ಸವೆಯದೆ ಇನ್ನೇನಾಗುತ್ತದೆ. ಸದ್ದು ಮಾಡುವ ಫ್ಯಾನ್ ಇವತ್ತಲ್ಲ ನಾಳೆ ನಿಲ್ಲುತ್ತದೆ, ನಿಲ್ಲುವುದು ನಿಮಗೆ ಅರ್ಜೆಂಟ್ ಇರುವ ದಿನವೇ. ರೇಡಿಯೇಟರ್ ಲೀಕ್ ಇಲ್ಲದಿದ್ದರೆ ಅದನ್ನು ಮುಟ್ಟಿಸಬೇಡಿ.

ಉಪ್ಪಳ ವಯರಿಂಗ್

ಬದಲಿಸಿ ಅನ್ನುವುದು ಸುಲಭ, ಆದರೆ ಮೊದಲು ಸದ್ದು ಎಲ್ಲಿಂದ ಅಂತ ಗೊತ್ತಾಗಬೇಕಲ್ವಾ. ನಾನು ಗಾಡಿ ವಯರಿಂಗ್ ಕೆಲಸ ಮಾಡುವವನು, ಇಂಥ ಕೇಸು ತುಂಬ ಬರುತ್ತದೆ. ಫ್ಯಾನ್ ಬದಲಿಸಿ ಆದ ಮೇಲೆ ಅದೇ ಸದ್ದು ಇಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ. ಅವರ ದುಡ್ಡು ಸುಮ್ನೆ ಹೋಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ನಿಮ್ಮ ಗಾಡಿಯ ಫ್ಯಾನ್ ಕರೆಂಟಿನದ್ದು. ಅದಕ್ಕೆ ಅದರದ್ದೇ ಮೋಟಾರ್ ಉಂಟು, ಎಂಜಿನ್ ಬೆಲ್ಟಿಗೂ ಅದಕ್ಕೂ ಸಂಬಂಧ ಇಲ್ಲ. ವಾಟರ್ ಪಂಪ್ ಮತ್ತು ಡೈನಮೋ ಬೆಲ್ಟಿನಲ್ಲಿ ತಿರುಗುತ್ತವೆ. ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಆಯಿತು. ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಆ ಗರಗರ ಬರುವವರೆಗೆ ಕಾಯಿರಿ. ಬಂದಾಗ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಎಂಜಿನ್ ಏರಿದಂತೆ ಸದ್ದೂ ಏರಿದರೆ ಅದು ಬೆಲ್ಟಿನ ಕಡೆಯದ್ದು, ಪಂಪ್ ಅಥವಾ ಡೈನಮೋ ಬೇರಿಂಗ್. ಎಂಜಿನ್ ಎಷ್ಟು ಏರಿದರೂ ಸದ್ದು ಅದರದ್ದೇ ಲೆಕ್ಕದಲ್ಲಿ ಇದ್ದರೆ ಅದು ಫ್ಯಾನ್. ನೀವು ಮೊದಲು ಟಕ್ ಅಂತ ಕೇಳುತ್ತದೆ ಅಂದಿರಲ್ಲ, ಅದು ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್. ಟಕ್ ಆದ ಮೇಲೆ ಸದ್ದು ಬಂದು ತನ್ನಷ್ಟಕ್ಕೆ ನಿಲ್ಲುವುದಾದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಫ್ಯಾನೇ. ಪಂಪ್ ಆದರೆ ಬೆಳಿಗ್ಗೆ ತಣ್ಣಗಿರುವಾಗಲೂ ಸದ್ದು ಬರಬೇಕಿತ್ತು.

ಸದ್ದಿನಲ್ಲೂ ವ್ಯತ್ಯಾಸ ಉಂಟು. ಗರಗರ ಅಂದರೆ ಸಾಮಾನ್ಯವಾಗಿ ಬುಶ್ (ಶಾಫ್ಟ್ ಕೂತು ತಿರುಗುವ ಬಳೆ) ಅಥವಾ ಬೇರಿಂಗ್ ಸವೆದದ್ದು. ಟಕಟಕಟಕ ಅಂತ ಒಂದೇ ತಾಳದಲ್ಲಿ ಬಂದರೆ ಫ್ಯಾನಿನ ಎಲೆ, ಅಂದರೆ ರೆಕ್ಕೆ, ಎಲ್ಲಿಯೋ ತಾಗುತ್ತಿದೆ, ಕವರಿಗೆ ಅಥವಾ ಜೋತು ಬಿದ್ದ ವಯರಿಗೆ. ಇಡೀ ಮುಂಭಾಗ ಝುಂ ಅಂತ ನಡುಗಿದರೆ ಎಲೆ ತುಂಡಾಗಿ ತೂಕ ತಪ್ಪಿದೆ, ಇಲ್ಲವಾದರೆ ಬೋಲ್ಟ್ ಸಡಿಲ ಆಗಿದೆ. ನಿಲ್ಲುವಾಗ ಕೀಂಯ್ ಅಂತ ಎಳೆದರೆ ಬುಶ್ ಒಣಗಿದೆ ಅಂತ ಅರ್ಥ. ನಿಮ್ಮದರಲ್ಲಿ ಗರಗರವೂ ಉಂಟು, ಕೀಂಯ್ ಕೂಡ ಉಂಟು.

ಇನ್ನು ಕೈಯಲ್ಲಿ ನೋಡುವುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ಮೈನಸ್ ಬಿಚ್ಚಿಯೇ ಕೈ ಹಾಕಿ. ಇದು ಮುಖ್ಯ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಸಡನ್ನಾಗಿ ತಿರುಗುತ್ತದೆ, ಬೆರಳು ಹೋದವರಿದ್ದಾರೆ. ಎಲೆಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ. ಒಳ್ಳೆಯ ಮೋಟಾರ್ ಆದರೆ ಸಲೀಸಾಗಿ ತಿರುಗಿ ಮೆಲ್ಲಗೆ ನಿಲ್ಲುತ್ತದೆ. ಹೋದ ಮೋಟಾರ್ ಮಧ್ಯದಲ್ಲಿ ಹಿಡಿಯುತ್ತದೆ, ಮರಳು ಸಿಕ್ಕಿದ ಹಾಗೆ ಕೈಗೇ ಗೊತ್ತಾಗುತ್ತದೆ. ಆಮೇಲೆ ಎಲೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲಷ್ಟು ಆಟ ಇದ್ದರೆ ಚಿಂತೆ ಇಲ್ಲ. ಕಟಕ್ ಕಟಕ್ ಅಂತ ಶಾಫ್ಟ್ ಅಲ್ಲಾಡಿದರೆ ಬುಶ್ ಮುಗಿದಿದೆ. ಎಲೆಗಳನ್ನು ಒಂದೊಂದಾಗಿ ಟಾರ್ಚ್ ಹಾಕಿ ನೋಡಿ, ಬುಡದಲ್ಲಿ ಬಿರುಕು ಇರಬಹುದು. ಕವರಿನ ಒಳಗಡೆ ಬೆಳ್ಳಗೆ ಉಜ್ಜಿದ ಗೆರೆ ಇದ್ದರೆ ಎಲೆ ತಾಗುತ್ತಿದೆ.

ಪಂಪಿನ ಅನುಮಾನ ಇನ್ನೂ ಇದ್ದರೆ, ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಇಳಿದು ಒಣಗಿದ ಕಲೆ ಉಂಟಾ ನೋಡಿ. ಇದ್ದರೆ ಪಂಪಿನ ಸೀಲ್ ಹೋಗಿದೆ. ಇಷ್ಟು ನೋಡಿ ಬಂದು ಬರೆಯಿರಿ.

ಕುಂಬಳೆ ಡ್ರೈವಿಂಗ್

ಮಂಗಳೂರಿಗೆ ಹೋಗುವ ವಿಷಯ ಬರೆದದ್ದು ನೋಡಿ ಹೇಳುತ್ತಿದ್ದೇನೆ. ಸರಿ ಮಾಡಿಸುವವರೆಗೆ ತಂದೆಯವರನ್ನು ಅದರಲ್ಲಿ ಕರೆದುಕೊಂಡು ಹೋಗಬೇಡಿ. ಟೆಂಪರೇಚರ್ ಏರಿಲ್ಲ ಅಂತ ಧೈರ್ಯ ಬೇಡ. ಗಾಡಿ ಓಡುವಾಗ ಎದುರು ಗಾಳಿಯೇ ಸಾಕಾಗುತ್ತದೆ, ಫ್ಯಾನ್ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಕುಂಬಳೆಯಲ್ಲೋ ತೊಕ್ಕೊಟ್ಟಿನಲ್ಲೋ ಹತ್ತು ನಿಮಿಷ ಬ್ಲಾಕ್ ಆದಾಗ ಒಮ್ಮೆಲೇ ಏರುವುದು.

ನಾನು 9 ವರ್ಷದಿಂದ ಹಳೆಯ ಓಮ್ನಿ ಓಡಿಸುತ್ತಿದ್ದೇನೆ, ಒಮ್ಮೆ ಹೀಗೆ ಸಿಕ್ಕಿಹಾಕಿಕೊಂಡಿದ್ದೆ. ಏರಿತು ಅಂತ ಕಂಡ ಕೂಡಲೇ ಬದಿಗೆ ಹಾಕಿ ಆಫ್ ಮಾಡಿ. ಹೀಟರ್ ಇರುವ ಗಾಡಿಯಾದರೆ ಬದಿಗೆ ಹೋಗುವವರೆಗೆ ಹೀಟರ್ ಫುಲ್ ಇಡಿ. ಒಳಗೆ ಕೂರಲು ಆಗದಷ್ಟು ಸೆಕೆ ಆಗುತ್ತದೆ, ಆದರೆ ಎಂಜಿನ್ ಬಿಸಿ ಸ್ವಲ್ಪ ಹೊರಗೆ ಹೋಗುತ್ತದೆ. ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದರೂ ನೀರು ಕುದಿಯದೆ ನಿಂತಿರುತ್ತದೆ, ಕ್ಯಾಪ್ ತೆರೆದ ಗಳಿಗೆಯಲ್ಲಿ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ನಮ್ಮ ಹತ್ತಿರದ ಒಬ್ಬ ಹುಡುಗನ ಕೈ ಸುಟ್ಟದ್ದು ನಾನೇ ಕಣ್ಣಾರೆ ಕಂಡದ್ದು. ಮೊಣಕೈಯವರೆಗೆ ಚರ್ಮ ಎದ್ದಿತ್ತು.

ಅಡ್ಯನಡ್ಕದ ತೋಟ

ಮೋಟಾರ್ ಬುಶ್ ಹೊಸತು ಹಾಕಿಸಬಹುದು, ಪೂರ್ತಿ ಸೆಟ್ ಯಾಕೆ? ನನ್ನ ಗಾಡಿಯದ್ದು ವಿಟ್ಲದಲ್ಲಿ ಪಂಪ್‌ಸೆಟ್ ರಿವೈಂಡಿಂಗ್ ಮಾಡುವ ಒಂದು ಕಡೆ ಕೊಟ್ಟೆ. ಅವರು ಮೋಟಾರ್ ಬಿಚ್ಚಿ, ಬುಶ್ ಕಡೆದು ಹಾಕಿ, ಕಾರ್ಬನ್ (ಮೋಟಾರಿನೊಳಗೆ ಕರೆಂಟ್ ದಾಟಿಸುವ ತುಂಡು) ಬದಲಿಸಿ 600 ರೂಪಾಯಿ ತೆಗೆದುಕೊಂಡರು. ಎರಡು ವರ್ಷ ಆಯಿತು, ಸದ್ದೇ ಇಲ್ಲ.

ಅದಕ್ಕಿಂತ ಮೊದಲು ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಬೇಕು. ಕಡಿಮೆಗೆ ಸಿಗುತ್ತದೆ ಅಂತ ಹೆಸರಿಲ್ಲದ ಒಂದು ಫ್ಯಾನ್ ತಂದು ಹಾಕಿದ್ದೆ. ನೋಡಲು ಅದೇ ಗಾತ್ರ, ಅದೇ ಎಲೆ. ವಯರ್ ಸೇರಿಸುವ ಕಪ್ಲರ್ ಕೂರಲಿಲ್ಲ ಅಂತ ಹಾಕಿದವರು ವಯರ್ ಕತ್ತರಿಸಿ ಹುರಿ ಹೊಸೆದ ಹಾಗೆ ಸುತ್ತಿ ಟೇಪ್ ಹಾಕಿದರು. ಪೇಟೆ ತಿರುಗಾಟಕ್ಕೆ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಸೆಕೆಂಡ್ ಗೇರಿನಲ್ಲೇ ಹೋಗಬೇಕಾಯಿತು, ಗಾಳಿ ಸಾಲಲಿಲ್ಲ, ಟೆಂಪರೇಚರ್ ಮುಳ್ಳು ಮೇಲೆ ಹೋದದ್ದು ನಾನು ನೋಡಲೂ ಇಲ್ಲ, ಹೊಗೆ ಬಂದ ಮೇಲೆಯೇ ಗೊತ್ತಾದದ್ದು. ಎಂಜಿನ್ನಿನ ಹೆಡ್ (ಮೇಲ್ಭಾಗ) ಕೆಳಗಿನ ಗ್ಯಾಸ್ಕೆಟ್ ಹೋಯಿತು, ಹೆಡ್ ಕೂಡ ಬೆಂಡ್. ಕೊನೆಗೆ ನೋಡಿದರೆ ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಪ್ಲಸ್ ಮೈನಸ್ ಅದಲುಬದಲಾಗಿತ್ತು. ಇಷ್ಟು ಸಣ್ಣ ವಿಷಯಕ್ಕೆ 14,000 ಖರ್ಚಾಯಿತು. ಮಕ್ಕಳು ಆ ಘಾಟಿಯಲ್ಲಿ ಮೂರು ಗಂಟೆ ಕೂತಿದ್ದರು, ಅದು ನನಗೆ ಈಗಲೂ ಮನಸ್ಸಿನಿಂದ ಹೋಗಿಲ್ಲ.

ಬದಿಯಡ್ಕ ಈಕೋ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಉಪ್ಪಳದ ಅಣ್ಣ ಹೇಳಿದ ಹಾಗೆಯೇ ಇವತ್ತು ಬೆಳಿಗ್ಗೆ ಕೂತು ನೋಡಿದೆ.

ಆಕ್ಸಿಲರೇಟರ್ ಕೊಟ್ಟರೆ ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲ, ಹಾಗಾಗಿ ಫ್ಯಾನೇ. ಪಂಪಿನ ಕೆಳಗೆ ಕಲೆಯೂ ಇಲ್ಲ. ಬ್ಯಾಟರಿ ಬಿಚ್ಚಿ ತಣ್ಣಗಾದ ಮೇಲೆ ಟಾರ್ಚ್ ಹಾಕಿ ನೋಡಿದರೆ ಒಳಗೆ ಏನಿತ್ತು ಗೊತ್ತಾ? ಇಲಿಯ ಗೂಡು! ನಮ್ಮ ಗಾಡಿ ನಿಲ್ಲಿಸುವುದು ಅಂಗಳದ ಬದಿಯ ಶೆಡ್ಡಿನಲ್ಲಿ, ಪಕ್ಕದಲ್ಲೇ ಅಡಿಕೆ ಸುಲಿದ ಸಿಪ್ಪೆ ರಾಶಿ ಹಾಕುವುದು. ಇಲಿ ಆ ಸಿಪ್ಪೆಯ ನಾರನ್ನೆಲ್ಲ ತಂದು ಫ್ಯಾನ್ ಕವರಿನ ಕೆಳಮೂಲೆಯಲ್ಲಿ ಮೆತ್ತಗೆ ಹಾಸಿಗೆ ಮಾಡಿದೆ. ಅದರ ಮಧ್ಯೆ ಒಂದು ಹುಣಸೆ ಬೀಜ, ಪ್ಲಾಸ್ಟಿಕ್ ಚೂರು, ಅಮ್ಮನ ಹಳೆಯ ಸೀರೆಯ ನೂಲು. ಕೈ ಹಾಕಿ ಎಳೆದರೆ ಒಂದು ಬೊಗಸೆ ಬಂತು.

ಆದರೆ ಅದು ತೆಗೆದ ಮೇಲೂ ಸರಿ ಆಗಲಿಲ್ಲ. ಎಲೆ ತಿರುಗಿಸಿದರೆ ಒಂದು ಜಾಗದಲ್ಲಿ ಹಿಡಿಯುತ್ತದೆ. ಎಲೆಯ ಹಿಂದೆ, ಶಾಫ್ಟ್ ಮೋಟಾರಿನೊಳಗೆ ಹೋಗುವ ಕಡೆ, ನಾರು ಬಿಗಿಯಾಗಿ ಸುತ್ತಿಕೊಂಡಿದೆ. ಕಪ್ಪಗೆ, ಎಣ್ಣೆ ಹೀರಿಕೊಂಡು, ಬತ್ತಿಯ ಹಾಗೆ. ಬ್ಲೇಡಿನಲ್ಲಿ ಕತ್ತರಿಸಿ ಕತ್ತರಿಸಿ ತೆಗೆದೆ. ತೆಗೆದ ಮೇಲೆ ಅಲ್ಲಾಡಿಸಿದರೆ ಕಟಕ್ ಕಟಕ್. ಐದು ಎಲೆಯಲ್ಲಿ ಒಂದರ ತುದಿ ಸುಮಾರು ಎರಡು ಸೆಂಟಿಮೀಟರ್ ಮುರಿದಿದೆ. ಮುರಿದ ಕಡೆ ಧೂಳು ಕೂತು ಹಳತಾಗಿದೆ, ಅಂದರೆ ಇದು ಇವತ್ತು ನಿನ್ನೆ ಮುರಿದದ್ದಲ್ಲ.

ಈಗ ಬುಶ್ ಹಾಕಿಸುವುದಾ, ಹೊಸತಾ? ಕಂಪೆನಿ ಸೆಟ್ ಅಂದರೆ ಮೋಟಾರ್, ಎಲೆ, ಕವರ್ ಸೇರಿ 3,400 ಅಂತ ಹೇಳಿದ್ದಾರೆ. ಲೋಕಲ್ ಮೋಟಾರ್ ಮಾತ್ರ ಆದರೆ 1,300. ಗುಜರಿಯಲ್ಲಿ ಹಳೆಯ ಗಾಡಿಯದ್ದು 800ಕ್ಕೆ ಉಂಟಂತೆ. ಸದ್ಯಕ್ಕೆ ಶಾಫ್ಟಿಗೆ ಎಣ್ಣೆ ಬಿಡಬಹುದಾ?

ಉಪ್ಪಳ ವಯರಿಂಗ್

ಚೆನ್ನಾಗಿ ನೋಡಿದ್ದೀರಿ. ಇಷ್ಟು ನೋಡಿ ಬಂದರೆ ನಮ್ಮಂಥವರಿಗೂ ಕೆಲಸ ಸುಲಭ.

ನಿಮ್ಮ ಗಾಡಿಯ ಕಥೆ ಹೀಗಾಗಿರಬೇಕು ಅಂತ ನನಗೆ ಕಾಣುವುದು. ಮೊದಲು ಎಲೆಯ ತುದಿ ಮುರಿದಿದೆ. ಒಂದು ಕಡೆ ತೂಕ ಕಡಿಮೆಯಾದರೆ ಶಾಫ್ಟ್ ಪ್ರತಿ ಸುತ್ತಿಗೂ ಬುಶ್ಶಿಗೆ ಒಂದು ಬದಿಯಿಂದ ಗುದ್ದುತ್ತದೆ. ಅದರ ಮೇಲೆ ನಾರು ಸುತ್ತಿ ಬುಶ್ಶಿನ ಎಣ್ಣೆಯನ್ನೆಲ್ಲ ಹೀರಿದೆ. ಆ ಬುಶ್ ಸಾಮಾನ್ಯ ಕಂಚು ಅಲ್ಲ, ಪುಡಿ ಒತ್ತಿ ಮಾಡಿದ್ದು. ಅದರೊಳಗೆ ಎಣ್ಣೆ ತುಂಬಿಸಿಯೇ ಬರುತ್ತದೆ, ಬಿಸಿಯಾದಾಗ ತಾನೇ ಎಣ್ಣೆ ಬಿಡುತ್ತದೆ. ಒಮ್ಮೆ ಒಣಗಿದರೆ ಮೇಲಿನಿಂದ ಎಣ್ಣೆ ಬಿಟ್ಟರೆ ನಾಲ್ಕು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಮತ್ತೆ ಅದೇ. ಸ್ಪ್ರೇ ಎಣ್ಣೆ ಹೊಡೆದರೆ ಉಳಿದ ಎಣ್ಣೆಯೂ ತೊಳೆದು ಹೋಗುತ್ತದೆ. ಜಾಸ್ತಿ ಬಿಟ್ಟರೆ ಒಳಗೆ ಇಳಿದು ಕಾರ್ಬನ್ ಮೇಲೆ ಕೂತು ಮೋಟಾರೇ ಹೋಗುತ್ತದೆ. ಹಾಗಾಗಿ ಎಣ್ಣೆ ಬೇಡ.

ಅಡ್ಯನಡ್ಕದ ಅಣ್ಣ ಹೇಳಿದ ಬುಶ್ ಕೆಲಸ ತಪ್ಪಲ್ಲ. ಕೈ ಚೆನ್ನಾಗಿರುವವರು ಮಾಡಿದರೆ ಬಾಳಿಕೆ ಬರುತ್ತದೆ, ಅವರದ್ದು ಬಂದಿದೆ. ಆದರೆ ಈ ಮೋಟಾರಿನ ಡಬ್ಬಿ ಬಿಚ್ಚಲು ಮಾಡಿದ್ದಲ್ಲ, ಅಂಚು ಮಡಚಿ ಒತ್ತಿರುತ್ತಾರೆ. ಬಿಚ್ಚಿ ಮತ್ತೆ ಕೂರಿಸುವಾಗ ಎರಡು ಬುಶ್ ಒಂದೇ ಗೆರೆಯಲ್ಲಿ ಬರಬೇಕು. ಸ್ವಲ್ಪ ಓರೆಯಾದರೂ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಇಂಥ ಸಣ್ಣ ಫ್ಯಾನ್ 8-10 ಆಂಪಿಯರ್ ಆಸುಪಾಸು ಎಳೆಯುವುದು ಸರಿ. ಓರೆ ಕೂತದ್ದು 15ರ ಮೇಲೆ ಹೋದದ್ದನ್ನು ನಾನು ಕ್ಲ್ಯಾಂಪ್ ಮೀಟರಿನಲ್ಲಿ ಅಳೆದಿದ್ದೇನೆ. ಆಗ ರಿಲೇ ಸುಡುತ್ತದೆ, ಕಪ್ಲರ್ ಕರಗುತ್ತದೆ, ಫ್ಯೂಸ್ ಹೋಗುತ್ತದೆ. ಕೆಲವರು ಫ್ಯೂಸ್ ಹೋಯಿತು ಅಂತ ದೊಡ್ಡ ಫ್ಯೂಸ್ ಹಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಆಮೇಲೆ ಸುಡುವುದು ವಯರೇ.

ತೋಟಕ್ಕೂ ಪೇಟೆಗೂ ಮಾತ್ರ ಓಡುವ ಗಾಡಿಯಾದರೆ ಬುಶ್ ಹಾಕಿಸಿ ಅಂತಿದ್ದೆ. ಕಾಯಿಲೆಯವರನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗುವ ಗಾಡಿಗೆ ಕಂಪೆನಿ ಸೆಟ್ ಹಾಕಿ. ಎಲೆಯೂ ಮುರಿದಿರುವುದರಿಂದ ಮೋಟಾರ್ ಮಾತ್ರ ತಂದರೆ ಸಾಲದು, ಆ ಎಲೆ ಹೊಸ ಬುಶ್ಶನ್ನೂ ತಿನ್ನುತ್ತದೆ. ಅಂಟು ಹಾಕಿ ಎಲೆ ಕೂಡಿಸುವ ಯೋಚನೆ ಬೇಡ. ಬಿಸಿಗೆ ಬಿಟ್ಟು ಹಾರಿದರೆ ನೇರ ರೇಡಿಯೇಟರಿಗೇ ಹೊಡೆಯುತ್ತದೆ. ಗುಜರಿ ಮೋಟಾರ್ ಬೇಡ, ಅದೂ ಇಷ್ಟೇ ವರ್ಷದ್ದು.

ನೀವೇ ಹಾಕುವುದಾದರೆ ಕೆಲವು ಮಾತು. ಎಲೆಯ ನಟ್ ಬಿಚ್ಚುವ ಸಂದರ್ಭ ಬಂದರೆ ಬಲ ಹಾಕುವ ಮೊದಲು ಮರೆ (ನಟ್ಟಿನ ತಿರುಪಿನ ಗೆರೆ) ಯಾವ ಕಡೆ ಅಂತ ನೋಡಿ, ಕೆಲವು ಎಡ ಮರೆಯವು, ಉಲ್ಟಾ ತಿರುಗಿಸಿ ಬಿಚ್ಚಬೇಕು. ಕಪ್ಲರ್ ಕೂರದಿದ್ದರೆ ಅದೇ ಕಪ್ಲರ್ ಹುಡುಕಿ ಹಾಕಿಸಿ, ವಯರ್ ಸುತ್ತಿ ಟೇಪ್ ಹಾಕಿಸಬೇಡಿ. ಕೆಲಸ ಆದ ಮೇಲೆ ಫ್ಯಾನ್ ಓಡುವಾಗ ಒಂದು ಪೇಪರ್ ಹಾಳೆಯನ್ನು ರೇಡಿಯೇಟರಿನ ಎದುರು ಹಿಡಿಯಿರಿ. ಫ್ಯಾನ್ ಹಿಂದೆ ಇರುವುದರಿಂದ ಹಾಳೆ ರೇಡಿಯೇಟರಿಗೆ ಅಂಟಿಕೊಳ್ಳಬೇಕು. ಹಾಳೆ ಹಾರಿ ಹೊರಗೆ ಬಂದರೆ ಉಲ್ಟಾ ತಿರುಗುತ್ತಿದೆ. ಇಷ್ಟು ನೋಡಿದ್ದರೆ ಚಾರ್ಮಾಡಿಯಲ್ಲಿ ಆದದ್ದು ಆಗುತ್ತಿರಲಿಲ್ಲ.

ರೇಡಿಯೇಟರ್ ಬದಲಿಸುವುದು ಬೇಡ. ಫ್ಯಾನ್ ತೆಗೆದಾಗ ಹಿಂದಿನಿಂದ ಮುಂದಕ್ಕೆ ಮನೆಯ ಪೈಪಿನಲ್ಲಿ ಮೆಲ್ಲಗೆ ನೀರು ಹಾಯಿಸಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇಡ, ಅಲ್ಯುಮಿನಿಯಂ ಪದರು ಮಡಚಿಕೊಂಡು ಗಾಳಿ ಹೋಗುವ ದಾರಿ ಮುಚ್ಚುತ್ತದೆ.

ಅಡ್ಯನಡ್ಕದ ತೋಟ

ಪೇಪರ್ ಹಿಡಿದು ನೋಡುವುದು ನನಗೆ ಅಂದು ಯಾರಾದರೂ ಹೇಳಬೇಕಿತ್ತು. ನಾಳೆಯೇ ನನ್ನ ಗಾಡಿಯಲ್ಲೂ ನೋಡುತ್ತೇನೆ. ಬುಶ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಕಾಯಿಲೆಯವರು ಇರುವ ಮನೆಗೆ ಹೊಸತೇ ಆಗಲಿ.

ಒಂದು ಪ್ರಶ್ನೆ. ಕೂಲಂಟ್ ಬದಲು ನೀರೇ ಹಾಕಿದರೆ ಏನಾಗುತ್ತದೆ? ನಮ್ಮಲ್ಲಿ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು ಉಂಟು, ಕನ್ನಡಿಯ ಹಾಗೆ ಇರುತ್ತದೆ. ಅಪ್ಪ ಅಂಬಾಸಡರಿಗೂ ಅದನ್ನೇ ಹಾಕುತ್ತಿದ್ದರು.

ಉಪ್ಪಳ ವಯರಿಂಗ್

ಸುರಂಗದ ನೀರು ಕುಡಿಯಲು ಎಷ್ಟು ಒಳ್ಳೆಯದು ಅಂತ ನನಗೂ ಗೊತ್ತು, ನನ್ನ ಅಜ್ಜನ ಮನೆಯಲ್ಲೂ ಅದೇ. ಆದರೆ ಎಂಜಿನ್ನಿಗೆ ಬೇಡ. ಈಗಿನ ಗಾಡಿಗಳಲ್ಲಿ ಹೆಡ್ ಅಲ್ಯುಮಿನಿಯಂ, ರೇಡಿಯೇಟರ್ ಅಲ್ಯುಮಿನಿಯಂ. ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶ ಇರುವುದಿಲ್ಲ, ಎಷ್ಟೇ ತಿಳಿಯಾಗಿದ್ದರೂ ಒಳಗಿಂದ ತಿನ್ನುತ್ತದೆ. ಕೂಲಂಟಿನಲ್ಲಿ ಆ ಅಂಶ ಇರುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಡಬ್ಬದ ಮೇಲೆ ನೀರು ಬೆರೆಸಬೇಕಾ, ರೆಡಿ ಹಾಕುವುದಾ ಅಂತ ಬರೆದಿರುತ್ತದೆ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ತನ್ನಿ, ಬ್ಯಾಟರಿಗೆ ಹಾಕುವಂಥದ್ದು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಯಾವ ನೀರಾದರೂ ಹಾಕಿ ಮನೆ ಸೇರಿ, ಅದು ಬೇರೆ ಮಾತು.

ಕುಂಬಳೆ ಡ್ರೈವಿಂಗ್

ಇಲಿಗೆ ಏನು ಮಾಡುತ್ತೀರಿ? ಹೊಸ ಫ್ಯಾನ್ ಹಾಕಿದ ವಾರದಲ್ಲೇ ವಯರ್ ಕಡಿದರೆ? ನಾನು ಮಳೆಗಾಲದಲ್ಲಿ ರಾತ್ರಿ ಬಾನೆಟ್ ತೆರೆದಿಡುತ್ತೇನೆ. ಇಲಿಗೆ ಕತ್ತಲೆ ಮತ್ತು ಬೆಚ್ಚಗಿನ ಜಾಗ ಬೇಕು, ತೆರೆದಿದ್ದರೆ ಕಡಿಮೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಆ ಸಿಪ್ಪೆ ರಾಶಿ ದೂರ ಹಾಕಿ.

ಬದಿಯಡ್ಕ ಈಕೋ

ಕೆಲಸ ಮುಗಿಯಿತು. ಬರೆಯದೆ ಇದ್ದರೆ ತಪ್ಪಾಗುತ್ತದೆ, ನೀವೆಲ್ಲ ಇಷ್ಟು ಹೇಳಿದ್ದೀರಿ.

ಮಂಗಳವಾರ ತಂದೆಯವರನ್ನು ಭಾವನ ಕಾರಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಅವರನ್ನು ಡಾಕ್ಟರಿಗೆ ತೋರಿಸಿ ಬರುವಾಗ ಅಲ್ಲಿಂದಲೇ ಕಂಪೆನಿ ಸೆಟ್ ತಂದೆ, 3,400ಕ್ಕೇ ಸಿಕ್ಕಿತು. ಗಾಡಿಯ ಆರ್‌ಸಿ ಫೋಟೋ ಮೊಬೈಲಿನಲ್ಲಿ ಇದ್ದದ್ದು ಒಳ್ಳೆಯದಾಯಿತು. ವರ್ಷ ನೋಡಿಯೇ ಕೊಟ್ಟರು, ಕಪ್ಲರ್ ಸರಿಯಾಗಿ ಕೂತಿತು. ಭಾನುವಾರ ನಾನೂ ತಮ್ಮನೂ ಸೇರಿ ಹಾಕಿದೆವು. ಹತ್ತನೇ ನಂಬ್ರದ ಪಾನೆ ಒಂದೇ ಸಾಕಾಯಿತು. ಒಂದು ಬೋಲ್ಟ್ ತುಕ್ಕು ಹಿಡಿದು ಬರಲಿಲ್ಲ, ಎಣ್ಣೆ ಹಾಕಿ ಊಟ ಮಾಡಿ ಬರುವಾಗ ಸಡಿಲ ಆಗಿತ್ತು. ಹಳೆಯ ಕವರಿನ ಒಳಗಡೆ ನೀವು ಹೇಳಿದ ಬಿಳಿ ಗೆರೆ ಇತ್ತು, ಅಂಗೈ ಅಗಲಕ್ಕೆ.

ರೇಡಿಯೇಟರಿಗೆ ನೀರು ಹಾಯಿಸಿದಾಗ ಮುಂದಿನಿಂದ ಹೊರಬಿದ್ದದ್ದು ಕೆಂಪು ಮಣ್ಣು, ದುಂಬಿಯ ರೆಕ್ಕೆ, ಮತ್ತೆ ಅದೇ ಅಡಿಕೆ ನಾರು. ಐದು ನಿಮಿಷ ಕೆಂಪು ನೀರೇ ಬಂತು. ಲೀಕ್ ಎಲ್ಲೂ ಇಲ್ಲ. 9,000 ಹೇಳಿದವರ ಮಾತು ಕೇಳಿದ್ದರೆ ಒಳ್ಳೆಯ ರೇಡಿಯೇಟರ್ ಗುಜರಿಗೆ ಹೋಗುತ್ತಿತ್ತು.

ಸ್ಟಾರ್ಟ್ ಮಾಡಿ ಅಂಗಳದಲ್ಲೇ ನಿಲ್ಲಿಸಿ ಕಾದೆವು. ಟಕ್ ಅಂತ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ತಮ್ಮ ಕೆಟ್ಟಿದೆ ಅಂತಲೇ ತಿಳಿದ. ಎದುರು ಹೋಗಿ ಕ್ಯಾಲೆಂಡರ್ ಹಾಳೆ ಹಿಡಿದರೆ ಚಟ್ ಅಂತ ಅಂಟಿಕೊಂಡಿತು. ಗಾಳಿಯ ಸದ್ದು ಮಾತ್ರ, ಸುಯ್ ಅಂತ. ತಂದೆಯವರು ಜಗಲಿಯಿಂದ ಇಳಿದು ಬಂದು ಸ್ವಲ್ಪ ಹೊತ್ತು ಎದುರು ನಿಂತು ಕೇಳಿದರು, 2011ರಲ್ಲಿ ತಂದಾಗ ಹೀಗೇ ಇತ್ತು ಅಂದರು.

ಸಿಪ್ಪೆ ರಾಶಿಯನ್ನು ತೋಟದ ಆಚೆ ಬದಿಗೆ ಹಾಕಿದೆ. ಹಳೆಯ ಮೋಟಾರ್ ಬಿಸಾಡಿಲ್ಲ. ಅಡ್ಯನಡ್ಕದ ಅಣ್ಣ, ಆ ರಿವೈಂಡಿಂಗ್ ಮಾಡುವವರಲ್ಲಿ ಬುಶ್ ಹಾಕಿಸಿ ಒಲೆಗೆ ಗಾಳಿ ಹಾಕಲು ಉಪಯೋಗಿಸಬಹುದು ಅಂತ ತಮ್ಮ ಹೇಳುತ್ತಾನೆ, ಆಗಬಹುದಾ?

ಅಡ್ಯನಡ್ಕದ ತೋಟ

ಧಾರಾಳ ಆಗುತ್ತದೆ, ಆದರೆ ಮುರಿದ ಎಲೆ ಹಾಕಬೇಡಿ. ನಾನು ಶುಕ್ರವಾರ ವಿಟ್ಲ ಕಡೆ ಹೋಗುವವನಿದ್ದೇನೆ, ಪೆರ್ಲಕ್ಕೆ ತಂದುಕೊಟ್ಟರೆ ತೆಗೆದುಕೊಂಡು ಹೋಗುತ್ತೇನೆ. ನನ್ನ ಗಾಡಿಯಲ್ಲೂ ಪೇಪರ್ ಹಿಡಿದು ನೋಡಿದೆ. ಅಂಟಿತು.

ಉಪ್ಪಳ ವಯರಿಂಗ್

ಸಂತೋಷ. 500 ಕಿಲೋಮೀಟರ್ ಓಡಿದ ಮೇಲೆ ಆ ಬೋಲ್ಟುಗಳನ್ನು ತಣ್ಣಗಿರುವಾಗ ಇನ್ನೊಮ್ಮೆ ಬಿಗಿ ಮಾಡಿ. ರಿಲೇ ಕೂಡ 14 ವರ್ಷದ್ದೇ, ಹಳೆಯ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಅದರ ಕಾಲು ಕಪ್ಪಾಗಿರಬಹುದು. ಎಳೆದು ನೋಡಿ, ಕಪ್ಪಾಗಿದ್ದರೆ ಮುಂದಿನ ಮಂಗಳೂರು ಪ್ರಯಾಣದ ಮೊದಲೇ ಬದಲಿಸಿ.